ಅರಬ್ಬೀ ಸಮುದ್ರದ ಚಂಡಮಾರುತಗಳ ಹುಟ್ಟು

ಬೆಚ್ಚನೆಯ ಕಡಲ ಮೇಲೆ ವಾಯುಭಾರ ಕುಸಿದು, ಸುತ್ತಣ ಗಾಳಿ ಸುಳಿಯಾಗಿ ಆ ಕೇಂದ್ರದತ್ತ ನುಗ್ಗುತ್ತ ಗಂಟೆಗೆ ಸುಮಾರು 62 ಕಿ.ಮೀ. ವೇಗ ಮುಟ್ಟಿದಾಗ ಭಾರತೀಯ ಹವಾಮಾನ ಇಲಾಖೆ ಅದನ್ನು ಚಂಡಮಾರುತವೆಂದು ಗುರುತಿಸುತ್ತದೆ. ಅಟ್ಲಾಂಟಿಕ್‌ನ ಹರಿಕೇನ್ ಇದೇ ಬಗೆಯ ವ್ಯವಸ್ಥೆಯ ಬಲಿತ ರೂಪ. ಇಂಥ ಸುಳಿಗಳು ಹುಟ್ಟಲು ಬೇಕಾದ ಸನ್ನಿವೇಶವನ್ನು ಹವಾಮಾನ ವಿಜ್ಞಾನಿ ವಿಲಿಯಂ ಗ್ರೇ 1968ರಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದರು: ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಮೀರಿದ ಕಡಲ ನೀರು, ನಡುಸ್ತರದಲ್ಲಿ ತೇವಾಂಶ, ಭೂಭ್ರಮಣದಿಂದ ಗಾಳಿಯನ್ನು ಬಾಗಿಸುವ ಕೊರಿಯೋಲಿಸ್ ಬಲ, ಕೆಳಗಾಳಿಯಲ್ಲಿ ಮೊದಲೇ ಇರುವ ಸುಳಿತ, ಎತ್ತರದೊಂದಿಗೆ ಹೆಚ್ಚು ಬದಲಾಗದ ಗಾಳಿ.

ಮೇಲ್ಗಾಳಿಯ ಪಾತ್ರ

ಅರಬ್ಬೀ ಸಮುದ್ರದಲ್ಲಿ ಈ ಷರತ್ತುಗಳ ಪೈಕಿ ಕೊನೆಯದೇ ಬಹುಮಟ್ಟಿಗೆ ನಿರ್ಣಾಯಕ. ಜುಲೈ–ಆಗಸ್ಟ್‌ನಲ್ಲಿ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಮುಂಗಾರಿನ ಬಿರುಗಾಳಿ ಬೀಸಿದರೆ, ಸುಮಾರು 14 ಕಿ.ಮೀ. ಮೇಲೆ, ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ವಿವರಿಸಿದ ಪೂರ್ವದ ಜೆಟ್ ಪ್ರವಾಹ ಅದಕ್ಕೆ ಎದುರಾಗಿ ಹರಿಯುತ್ತದೆ. ಈ ಎದುರುಗಾಳಿಗಳಿಂದಾಗಿ, ಆವಿ ಮೋಡವಾಗುವಾಗ ಬಿಡುಗಡೆಯಾಗುವ ಶಾಖ ಕೇಂದ್ರದ ನೆತ್ತಿಯಲ್ಲಿ ನಿಲ್ಲದೆ ಚದುರಿಹೋಗುವುದರಿಂದ ಸುಳಿ ಬಲಿಯುವುದಿಲ್ಲ. ಮೇಲಿನ ಮತ್ತು ಕೆಳಗಿನ ಗಾಳಿಗಳ ಈ ಭೇದ ತಗ್ಗಿರುವ ಮೇ–ಜೂನ್ ಮತ್ತು ಅಕ್ಟೋಬರ್–ಡಿಸೆಂಬರ್ ಇಲ್ಲಿನ ಚಂಡಮಾರುತಗಳ ಕಾಲ.

ಈ ಎರಡೂ ಪ್ರವಾಹಗಳನ್ನು ಒಂದೇ ನೇರದಲ್ಲಿ ಅಳೆಯಬಲ್ಲ ಸಾಧನಗಳಲ್ಲೊಂದು ಕೇರಳದ ಕಳಮಶ್ಶೇರಿಯಲ್ಲಿರುವ ಕೊಚ್ಚಿನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ರಾಡಾರ್. 205 ಮೆಗಾಹರ್ಟ್ಸ್ ಆವರ್ತನದಲ್ಲಿ ಅದರ 619 ಆಂಟೆನಾಗಳು ರೇಡಿಯೋ ಸ್ಪಂದನಗಳನ್ನು ಮೇಲಕ್ಕೆ ಕಳಿಸುತ್ತವೆ. ಮೋಡವಿಲ್ಲದ ಗಾಳಿಯಲ್ಲೂ ಉಷ್ಣತೆ ಮತ್ತು ತೇವಾಂಶದ ಸಣ್ಣ ಏರುಪೇರುಗಳಿಂದ ಕ್ಷೀಣ ಪ್ರತಿಧ್ವನಿ ಮರಳುತ್ತದೆ, ಅದರ ಆವರ್ತನದ ಪಲ್ಲಟದಿಂದ ಗಾಳಿಯ ವೇಗ ಮತ್ತು ದಿಕ್ಕು ತಿಳಿಯುತ್ತವೆ. ಗಾಳಿ ಅಳೆಯಲು ಹಾರಿಸುವ ಹವಾಮಾನ ಬಲೂನು ಸಾಮಾನ್ಯವಾಗಿ ದಿನಕ್ಕೆರಡು ಬಾರಿ ಮಾತ್ರ ಏರುತ್ತದೆ ಮತ್ತು ಗಾಳಿಯೊಂದಿಗೆ ದೂರ ಸರಿಯುತ್ತದೆ. ರಾಡಾರ್ ಮಳೆಯ ನಡುವೆಯೂ ಒಂದೇ ನೆಲೆಯ ಮೇಲೆ, ಸುಮಾರು 300 ಮೀಟರಿನಿಂದ 20 ಕಿ.ಮೀ.ವರೆಗೆ, ಎಡೆಬಿಡದೆ ಅಳೆಯಬಲ್ಲದು. ಆದರೂ ಅದು ಕಾಣುವುದು ಒಂದು ಬಿಂದುವಿನ ಮೇಲಿನ ಗಾಳಿಯನ್ನಷ್ಟೇ. ಕಡಲ ವಿಸ್ತಾರಕ್ಕೆ ಉಪಗ್ರಹವೇ ಗತಿ.

ಓಖಿ, 2017

ನವೆಂಬರ್ 29ರಂದು ಶ್ರೀಲಂಕಾದ ಆಗ್ನೇಯಕ್ಕೆ ವಾಯುಭಾರ ಕುಸಿತವಾಗಿದ್ದ ಓಖಿ, ದ್ವೀಪವನ್ನು ದಾಟಿ ಮರುದಿನ ಬೆಳಿಗ್ಗೆ ಕನ್ಯಾಕುಮಾರಿಯ ದಕ್ಷಿಣದಲ್ಲಿ ಚಂಡಮಾರುತವಾಯಿತು. ಈ ಒಂದು ದಿನದ ಅವಧಿಯೇ ತಿರುವನಂತಪುರದ ಪೂಂದುರ, ವಿಳಿಞ್ಞಂ ಕರಾವಳಿಯ ಮೀನುಗಾರರಿಗೆ ಮಾರಕವಾಯಿತು. ಅನೇಕರು ಆಗಲೇ ಕಡಲಿನಲ್ಲಿದ್ದರು. ಸಮಭಾಜಕಕ್ಕೆ ಅಷ್ಟು ಸಮೀಪದಲ್ಲಿ ಕೊರಿಯೋಲಿಸ್ ಬಲ ದುರ್ಬಲವಾದ್ದರಿಂದ, ಓಖಿಯ ಹುಟ್ಟಿನಲ್ಲಿ ಪೂರ್ವದಿಂದ ಸಾಗಿಬಂದ ಸುಳಿತಕ್ಕೆ ಹೆಚ್ಚಿನ ಮಹತ್ವ ಸಲ್ಲಬೇಕು. 30ರಿಂದ 60 ದಿನಗಳ ಆವರ್ತದಲ್ಲಿ ಮೋಡಗಳ ಸಮೂಹವನ್ನು ಪೂರ್ವಕ್ಕೆ ಒಯ್ಯುವ ಮ್ಯಾಡೆನ್–ಜೂಲಿಯನ್ ಆಂದೋಲನವೂ ಹಿಂದೂ ಮಹಾಸಾಗರದ ಮೇಲಿರುವಾಗ ಇಂಥ ಸುಳಿತಗಳಿಗೆ ಇಂಬು ಕೊಡುತ್ತದೆ, ಆದರೆ ತಾನೊಂದೇ ಚಂಡಮಾರುತವನ್ನು ಹುಟ್ಟಿಸುತ್ತದೆಂದು ಹೇಳಲಾಗದು.

ಲಕ್ಷದ್ವೀಪದ ಬಳಿ ಅತಿ ತೀವ್ರಗೊಂಡ ಓಖಿ ಉತ್ತರಕ್ಕೆ ತಿರುಗಿದಾಗ ತಂಪಾದ ನೀರನ್ನೂ ಎತ್ತರದ ಬಲವಾದ ಪಶ್ಚಿಮ ಗಾಳಿಯನ್ನೂ ಎದುರಿಸಿ, ಡಿಸೆಂಬರ್ 5ರ ರಾತ್ರಿ ದಕ್ಷಿಣ ಗುಜರಾತ್ ಕರಾವಳಿ ಸೇರುವ ವೇಳೆಗೆ ಕುಂದಿಹೋಗಿತ್ತು.