ದಾರುಲ್ ಶಿಫಾದಿಂದ ಮುತ್ಯಾನ ಮಂಚದವರೆಗೆ



ಮಾರ್ಚ್ 8 ಸಂತ ಜಾನ್ ಆಫ್ ಗಾಡ್ ಅವರ ಹಬ್ಬ. ಹೃದ್ರೋಗಿಗಳೂ ದಾದಿಯರೂ ಇವರನ್ನು ಪಾಲಕ ಸಂತರೆಂದು ಗೌರವಿಸುತ್ತಾರೆ. 1550ರಲ್ಲಿ ಸ್ಪೇನಿನ ಗ್ರನಾಡದಲ್ಲಿ ತೀರಿಕೊಂಡ ಇವರು ಬೀದಿಬೀದಿ ತಿರುಗಿ ಬೇಡಿ ತಮ್ಮ ಆಸ್ಪತ್ರೆಯ ರೋಗಿಗಳಿಗೆ ಉಣಿಸಿದರು.

ಅದಕ್ಕೂ ಸುಮಾರು ನೂರು ವರ್ಷ ಮೊದಲೇ ನಮ್ಮ ಬೀದರಿನಲ್ಲಿ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ ಷಾ (1436–1458) ದಾರುಲ್ ಶಿಫಾ ಎಂಬ ಆಸ್ಪತ್ರೆ ಕಟ್ಟಿಸಿದ. ಹಿಂದೂ, ಮುಸ್ಲಿಂ ವೈದ್ಯರಿಬ್ಬರನ್ನೂ ನೇಮಿಸಿದನೆಂದೂ, ಔಷಧಿಯ ಜೊತೆಗೆ ರೋಗಿಗಳ ಊಟಕ್ಕೂ ಹಳ್ಳಿಗಳ ಆದಾಯ ಬಿಟ್ಟುಕೊಟ್ಟನೆಂದೂ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಊಟಕ್ಕೆ ಉಂಬಳಿ ಬಿಟ್ಟದ್ದೇ ನನಗೆ ದೊಡ್ಡ ಸಂಗತಿ. ವಾಸಿಯಾಗದ ಕಾಯಿಲೆಯಲ್ಲಿ ಗುಳಿಗೆಗಿಂತ ದಿನನಿತ್ಯದ ಆರೈಕೆಯೇ ಭಾರ.

ಹೃದಯ ಸೋತಾಗ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಫಾಕ್ಸ್‌ಗ್ಲೋವ್ ಗಿಡದ ಎಲೆಯಿಂದ ಈ ಬಾವು ಇಳಿಯುವುದನ್ನು ಪ್ರಕಟಿಸಿದರು. ಇಂದಿನ ಡಿಗಾಕ್ಸಿನ್ ಆ ಜಾತಿಯ ಗಿಡದ್ದೇ. 1960ರ ದಶಕದಲ್ಲಿ ನೀರಿಳಿಸುವ ಲ್ಯಾಸಿಕ್ಸ್ ಬಂತು. ಆಯುಷ್ಯ ಬೆಳೆಯಿತು, ಮಂಚದ ಪಕ್ಕ ಕೂರುವ ವರ್ಷಗಳೂ ಬೆಳೆದವು.

1839ರಲ್ಲಿ ಫ್ರಾನ್ಸಿನ ಸಂತ ಜೀನ್ ಜುಗಾನ್ ಕುರುಡಿ ಮುದುಕಿಯೊಬ್ಬಳಿಗೆ ತಮ್ಮ ಹಾಸಿಗೆ ಬಿಟ್ಟುಕೊಟ್ಟರು. ಅವರ ಸಭೆಯ ಧರ್ಮಭಗಿನಿಯರು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ವೃದ್ಧರನ್ನು ಕೊನೆಯುಸಿರಿನವರೆಗೂ ನೋಡಿಕೊಳ್ಳುತ್ತಾರೆ. ಅವರದೂ ಬೇಡಿ ಉಣಿಸುವ ಪದ್ಧತಿಯೇ.

ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಲ್ಲಿ ಈ ಕೆಲಸ ಹೆಚ್ಚಾಗಿ ಸೊಸೆಯ ಪಾಲಿಗೆ. ಬೀದರಿನ ಆಸ್ಪತ್ರೆಯಿಂದ ಮುತ್ಯಾನನ್ನು ಕರೆತಂದ ಮೇಲೆ ದಾದಿಯೂ ಅವಳೇ. ದಿನಾ ಬೆಳಿಗ್ಗೆ ತೂಕ ನೋಡಬೇಕು, ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಮೈ ಬಂದದ್ದಲ್ಲ, ನೀರು ನಿಂತದ್ದು, ವೈದ್ಯರಿಗೆ ತಿಳಿಸಬೇಕು. ಉಪ್ಪಿನಕಾಯಿ, ಹಪ್ಪಳ ದೂರ. (ರೊಟ್ಟಿಯ ಜೊತೆ ಖಾರಾ ಚಟ್ನಿ ಬೇಡವೆಂದರೆ ನಮ್ಮ ಹಿರಿಯರು ಸಿಟ್ಟಾಗುವುದು ಗ್ಯಾರಂಟಿ.) ದಿಂಬು ಎತ್ತರಿಸಿ ಒರಗಿಸಬೇಕು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣು.

ಕೊನೆಯ ಹಂತದ ಏದುಸಿರಿಗೆ ವೈದ್ಯರು ಅಲ್ಪ ಪ್ರಮಾಣದ ಮಾರ್ಫಿನ್ ಕೊಡುವುದುಂಟು. 2014ರ ಕಾನೂನು ತಿದ್ದುಪಡಿ ಆಸ್ಪತ್ರೆಗಳಿಗೆ ಅದನ್ನು ಪಡೆಯುವ ದಾರಿ ಸುಲಭ ಮಾಡಿದೆ. ಅದನ್ನು ಕೇಳುವುದು ಪಾಪವಲ್ಲ. ಡಿಸ್ಚಾರ್ಜ್ ಚೀಟಿ ಕೈಗೆ ಬಂದಾಗಲೇ ಕೇಳಿಕೊಳ್ಳಿ: ನಡುರಾತ್ರಿ ಉಸಿರು ಕಟ್ಟಿದರೆ ಯಾವ ಗುಳಿಗೆ, ಯಾರಿಗೆ ಫೋನು? ಆ ರಾತ್ರಿ ಸೊಸೆಯ ಬದಲು ಎಚ್ಚರವಿರಲು ಮನೆಯಲ್ಲಿ ಇನ್ನೊಬ್ಬರಿದ್ದಾರೆಯೇ?