ಕೃಪೆಯೂ ಪಂಕ್ತಿಭೇದವೂ

ಈಚೆಗೆ ನಮ್ಮ ಸಭೆಗಳ ಪ್ರಸಂಗಗಳಲ್ಲಿ ಕೃಪೆಯ ಮಾತು ಹೆಚ್ಚಿದೆ, ಅದರ ಹರವು ಕುಗ್ಗಿದೆ. ದೇವರು ನಿನ್ನನ್ನು ಇದ್ದ ಹಾಗೆಯೇ ಒಪ್ಪಿಕೊಂಡಿದ್ದಾನೆ, ನೆಮ್ಮದಿಯಾಗಿರು ಎಂದು ಕೆಲವರು ಅಲ್ಲಿಗೇ ನಿಲ್ಲಿಸುತ್ತಾರೆ. ಕುಡಿತ ಬಿಟ್ಟಿತೇ, ಸಾಲ ತೀರಿತೇ ಎಂದು ಕೇಳಿ ಕೃಪೆಯನ್ನು ಅಳೆಯುವವರು ಇನ್ನು ಕೆಲವರು. ಇಬ್ಬರಿಗೂ ಅದು ದೇವರಿಗೂ ಒಬ್ಬ ವ್ಯಕ್ತಿಗೂ ನಡುವಿನ ಖಾಸಗಿ ವ್ಯವಹಾರ. ಕೃಪೆಯ ಚಿಂತನೆ ನಡೆದುಬಂದ ದಾರಿಯನ್ನು ನೋಡಿದರೆ ಈ ಓದು ನಿಲ್ಲುವುದಿಲ್ಲ.

ಅಂತಿಯೋಕ್ಯದ ಸಭೆಯಲ್ಲಿ ಯೆಹೂದ್ಯರೂ ಅನ್ಯಜನರೂ ಕೂಡಿ ಉಣ್ಣುತ್ತಿದ್ದರು. ಪೇತ್ರನೂ ಅವರ ಜೊತೆ ಕೂರುತ್ತಿದ್ದ. ಯಾಕೋಬನ ಕಡೆಯವರು ಬಂದದ್ದೇ ತಡ, ಅಂಜಿ ಬೇರೆಯಾದ. ಉಳಿದ ಯೆಹೂದ್ಯರೂ ಹಾಗೆಯೇ ಮಾಡಿದರು. ಬಾರ್ನಬನೂ ಅವರೊಡನೆ ಹೋದ. ಪೌಲ ಎಲ್ಲರೆದುರು ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಮನುಷ್ಯ ನೀತಿವಂತನೆನಿಸಿಕೊಳ್ಳುವುದು ಕ್ರಿಸ್ತನಲ್ಲಿಟ್ಟ ನಂಬಿಕೆಯಿಂದ ಎಂಬ ತನ್ನ ಪ್ರಸಿದ್ಧ ವಾದವನ್ನು ಗಲಾತ್ಯದವರ ಪತ್ರದಲ್ಲಿ ಅವನು ಈ ಜಗಳದ ಬೆನ್ನಿಗೇ ಇಡುತ್ತಾನೆ. ಯಾರು ಯಾರ ಜೊತೆ ಉಣ್ಣಬಹುದು ಎಂಬ ಪ್ರಶ್ನೆಗೆ ಕೊಟ್ಟ ಉತ್ತರ ಅದು.

ಮುಂದಿನ ಶತಮಾನಗಳು ಪಂಕ್ತಿಯನ್ನು ಮರೆತು ಅಂತರಂಗಕ್ಕೆ ತಿರುಗಿದವು. ಮನುಷ್ಯನ ಇಚ್ಛೆ ತಾನಾಗಿ ಒಳಿತನ್ನು ಮಾಡಬಲ್ಲದೇ ಎಂದು ಅಗಸ್ಟೀನ್ ಮತ್ತು ಪೆಲಾಜಿಯಸ್ ಕಾದಾಡಿದರು. 418ರ ಕಾರ್ತೇಜ್ ಸಭೆ ಪೆಲಾಜಿಯಸ್‌ನ ಬೋಧನೆಯನ್ನು ಖಂಡಿಸಿತು. ಲೂಥರ್ ದೇವರ ಒಪ್ಪಿಗೆಗೆ ಒತ್ತು ಕೊಟ್ಟ, 1547ರಲ್ಲಿ ಟ್ರೆಂಟ್ ಸಭೆ ಒಳಗಿನ ನವೀಕರಣವನ್ನು ಬಿಟ್ಟುಕೊಡಲಿಲ್ಲ. ಈ ಎರಡನ್ನೂ ಕೂಡಿಸಲು ಜಾನ್ ವೆಸ್ಲಿ ದುಡಿದ; ಅವನಿಗೆ ಸಿಗಬೇಕಾದ ಮನ್ನಣೆ ನಮ್ಮ ಪಠ್ಯಗಳಲ್ಲಿ ಸಿಕ್ಕಿಲ್ಲ. ಕಡೆಗೆ 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ನೀತಿವಂತರೆನಿಸಿಕೊಳ್ಳುವುದರ ಕುರಿತ ಜಂಟಿ ಘೋಷಣೆಗೆ ಸಹಿ ಹಾಕಿದರು.

ಅಷ್ಟರೊಳಗೆ ಇಪ್ಪತ್ತನೆಯ ಶತಮಾನ ಹಳೆಯ ಬಿರುಕನ್ನು ಮತ್ತೆ ತೋರಿಸಿತ್ತು. ಶಿಷ್ಯತ್ವವನ್ನು ಕೇಳದ ಕೃಪೆ ಅಗ್ಗದ ಕೃಪೆ ಎಂದು ಬೊನ್‌ಹೋಫರ್ 1937ರಲ್ಲಿ ಬರೆದ. ಹಿಟ್ಲರನ ಆಡಳಿತ ಅವನನ್ನು 1945ರಲ್ಲಿ ಗಲ್ಲಿಗೇರಿಸಿತು. ನೀನು ಸ್ವೀಕೃತನಾಗಿದ್ದೀಯೆ, ಅದನ್ನು ಒಪ್ಪಿಕೋ ಎಂಬುದು 1948ರಲ್ಲಿ ಅಚ್ಚಾದ ಟಿಲ್ಲಿಕ್‌ನ ಪ್ರಸಂಗದ ತಿರುಳು. ಇಂದಿನ ಸಾಂತ್ವನದ ಪ್ರಸಂಗಗಳು ಟಿಲ್ಲಿಕ್‌ನ ಅರ್ಧವನ್ನಷ್ಟೇ ಎತ್ತಿಕೊಂಡಿವೆ. ಪೌಲನ ಓದನ್ನು ಹದಕ್ಕೆ ತಂದವನು ಜಾನ್ ಬಾರ್ಕ್ಲೇ. ಯೋಗ್ಯತೆ ನೋಡದೆ ಕೊಟ್ಟ ದಾನವೂ ಪಡೆದವನ ನಡೆಯನ್ನು ಕೇಳುತ್ತದೆ, ಅಂತಸ್ತು ಮೀರಿದ ಸಮುದಾಯಗಳನ್ನು ಕಟ್ಟುತ್ತದೆ ಎಂದು 2015ರ ಗ್ರಂಥದಲ್ಲಿ ಅವನು ತೋರಿಸಿದ.

ಇದನ್ನು ನಮ್ಮ ನೆಲ ಬಹಳ ಮೊದಲೇ ಬದುಕಿ ನೋಡಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಸಭೆ ಸೇರಿದವರಲ್ಲಿ ಬಿಲ್ಲವರೇ ಹೆಚ್ಚು. ಸೇಂದಿ ಇಳಿಸುವ ಕಸುಬನ್ನು ಮಿಷನ್ ಒಪ್ಪಲಿಲ್ಲ. ದೀಕ್ಷಾಸ್ನಾನದೊಂದಿಗೆ ಕಸುಬೂ ಹೋಯಿತು, ಎಷ್ಟೋ ಜನರಿಗೆ ಮನೆಯೂ ತಪ್ಪಿತು. ಬದಲಾವಣೆಯನ್ನು ಕೇಳಿದ ಸಭೆ ಅನ್ನದ ದಾರಿಯನ್ನೂ ಹುಡುಕಬೇಕಾಯಿತು. ಮಗ್ಗಗಳು ಬಂದವು, 1865ರಲ್ಲಿ ಪ್ಲೆಬ್‌ಸ್ಟ್‌ನ ಹಂಚಿನ ಕಾರ್ಖಾನೆ ಬಂತು. ಕೊಡಗಿನ ಆನಂದಪುರದಲ್ಲಿ ಮೋಗ್ಲಿಂಗ್ ಕಟ್ಟಿದ ನೆಲೆಗೆ ಬಂದವರು ಜೀತದಲ್ಲಿದ್ದ ಹೊಲೆಯರು. ಮಿಷನ್ನಿನ ಶಿಸ್ತಿನಲ್ಲಿ ಯಜಮಾನಿಕೆ ಇತ್ತು, ನಿಜ. ಆದರೂ ಕೃಪೆಗೆ ಕೂಲಿ, ಮನೆ, ನೆರೆಹೊರೆ ಬೇಕೆಂದು ಆ ಸಭೆಗಳು ಅನುಭವದಿಂದ ಕಲಿತವು.

ಭಾರತೀಯ ದೇವಶಾಸ್ತ್ರದ ಬರಹ ಬೇರೆ ದಾರಿ ಹಿಡಿಯಿತು. ಎ.ಜೆ. ಅಪ್ಪಾಸಾಮಿ ಯೋಹಾನನ ಸುವಾರ್ತೆಯನ್ನು ಭಕ್ತಿಮಾರ್ಗವಾಗಿ ಓದಿದರು. ಜರ್ಮನಿಯ ರುಡಾಲ್ಫ್ ಆಟೋ ಶ್ರೀವೈಷ್ಣವರ ಮಾರ್ಜಾಲಕಿಶೋರ (ತಾಯಿಬೆಕ್ಕು ಕಚ್ಚಿ ಒಯ್ಯುವ ಮರಿ), ಮರ್ಕಟಕಿಶೋರ (ತಾಯಿಯನ್ನು ತಾನೇ ಅಪ್ಪಿಹಿಡಿಯುವ ಕೋತಿಮರಿ) ನ್ಯಾಯಗಳನ್ನು ಲೂಥರನ ಪಕ್ಕದಲ್ಲಿಟ್ಟು ನೋಡಿದ. ಸೊಗಸಾದ ಕೆಲಸ, ಅಲ್ಲಿಯೂ ಭಕ್ತ ಒಂಟಿ. ಕ್ರಿಸ್ತನಲ್ಲಿ ಮನುಷ್ಯಕುಲವೇ ಹೊಸ ಸೃಷ್ಟಿಯಾಗುತ್ತದೆ ಎಂದ ಪಿ. ಚೆಂಚಯ್ಯ ಈ ಒಂಟಿತನವನ್ನು ಮೊದಲು ಮುರಿದರು. ಬೆಂಗಳೂರಿನಲ್ಲಿ ಕುಳಿತು ಎಂ.ಎಂ. ಥಾಮಸ್ ರಕ್ಷಣೆಯನ್ನು ಮಾನವೀಕರಣದೊಂದಿಗೆ ಬೆಸೆದರು.

ನಮ್ಮ ಪೀಳಿಗೆಯನ್ನು ಅಲುಗಾಡಿಸಿದವರು ಅರವಿಂದ ನಿರ್ಮಲ್. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಿಂದ ಅವರು ದಲಿತ ದೇವಶಾಸ್ತ್ರಕ್ಕೆ ದನಿ ಕೊಟ್ಟರು. ಅವರು ಕೈಗೆತ್ತಿಕೊಂಡದ್ದು ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದ ವಿಶ್ವಾಸಪ್ರಮಾಣವನ್ನು. ಅಲ್ಲಿ ಇಸ್ರಾಯೇಲ್ಯ ಫಲದ ಪುಟ್ಟಿ ಹಿಡಿದು ನಿಂತು, ತನ್ನ ಅಲೆಮಾರಿ ಪೂರ್ವಜನನ್ನೂ ಐಗುಪ್ತದ ದುಡಿತವನ್ನೂ ನೆನೆಯುತ್ತಾನೆ. ದಲಿತ ಕ್ರೈಸ್ತನೂ ಹೀಗೆಯೇ ತನ್ನ ಬೇರನ್ನು ಮರೆಮಾಚದೆ ನಂಬಿಕೆಯನ್ನು ಹೇಳಿಕೊಳ್ಳಬೇಕು ಎಂದರು ನಿರ್ಮಲ್. ಜನವೇ ಅಲ್ಲವೆನಿಸಿಕೊಂಡವರು ದೇವಜನರಾಗುವುದೇ ಅವರಿಗೆ ಕೃಪೆ. ಹಾಗಾದಾಗ ಬದಲಾಗಬೇಕಾದ ಪಾಪಿ ಯಾರು ಎಂಬ ಪ್ರಶ್ನೆ ತಿರುಗಿ ನಿಲ್ಲುತ್ತದೆ: ದೂರವಿಟ್ಟವನೇ ಮೊದಲು ಮಾನಸಾಂತರಪಡಬೇಕು. ಅಂತಿಯೋಕ್ಯದಲ್ಲಿ ಪೌಲ ತಿದ್ದಿದ್ದೂ ಪೇತ್ರನನ್ನೇ.

ಇಷ್ಟಾದರೂ ಕನ್ನಡದಲ್ಲಿ ದೊಡ್ಡ ಕೆಲಸಗಳು ಬಾಕಿಯಿವೆ. ಹಂಚಿನ ಕಾರ್ಖಾನೆಯ ಹೆಣ್ಣಾಳುಗಳು, ಆನಂದಪುರದ ಮೊದಲ ಕುಟುಂಬಗಳು ಕೃಪೆಯನ್ನು ಹೇಗೆ ಕಂಡರು? ಮಿಷನರಿಗಳ ವರದಿಗಳ ಸಾಲುಗಳ ನಡುವಿನಿಂದ, ಮೊಮ್ಮಕ್ಕಳ ನೆನಪಿನಿಂದ ಅದನ್ನು ಎತ್ತಿ ಬರೆಯಬೇಕು. ಶರಣರ ಪ್ರಸಾದ ತತ್ವದೊಂದಿಗೆ ಆಳವಾದ ಮಾತುಕತೆಯೂ ಕಾದಿದೆ. ಮತ್ತೊಂದು ಆಕರ ಪ್ರತಿ ಸಭೆಯ ಕಪಾಟಿನಲ್ಲೇ ಇದೆ: ಮದುವೆಯ ದಾಖಲೆ ಪುಸ್ತಕ. ಪ್ರಭುಭೋಜನದಲ್ಲಿ ಒಂದೇ ಬಟ್ಟಲಿನಿಂದ ಕುಡಿಯುವ ಮನೆತನಗಳು ಹೆಣ್ಣು ಕೊಟ್ಟು ತರುವಾಗ ಜಾತಿ ಕೇಳುತ್ತವೆಯೇ ಎಂಬುದನ್ನು ಅದು ಹೇಳುತ್ತದೆ. ಕೃಪೆಯ ಮೇಲೆ ಪ್ರಬಂಧ ಬರೆಯುವ ಪ್ರತಿ ಸೆಮಿನರಿ ವಿದ್ಯಾರ್ಥಿಯೂ ಅಗಸ್ಟೀನನ ಜೊತೆಗೆ ತನ್ನ ಸಭೆಯ ಆ ಪುಸ್ತಕವನ್ನೂ ಓದಲಿ. ದೇವರು ನಮ್ಮನ್ನು ಒಪ್ಪಿಕೊಂಡದ್ದು ನಮ್ಮನ್ನು ಎಷ್ಟು ಬದಲಿಸಿದೆ ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿಯಿಲ್ಲ.