ಶ್ವಾಸಕೋಶದ ಕ್ಯಾನ್ಸರು ಮತ್ತು ಕ್ಷಯ: ಧಾರವಾಡ ಸೀಮೆಯ ದೃಷ್ಟಿಯಿಂದ ಒಂದು ವಿವೇಚನೆ

ರೋಗವೊಂದರ ಇತಿಹಾಸವೆಂದರೆ ಅದಕ್ಕೆ ದೊರೆತ ಔಷಧಗಳ ಇತಿಹಾಸ ಮಾತ್ರವಲ್ಲ. ಅದನ್ನು ಇತರ ರೋಗಗಳಿಂದ ಬೇರ್ಪಡಿಸಿ ಗುರುತಿಸಿದ ಬಗೆಯ ಇತಿಹಾಸವೂ ಹೌದು. ಶ್ವಾಸಕೋಶದ ಕ್ಯಾನ್ಸರಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಕುಂದಗೋಳ ತಾಲೂಕಿನ ಸಂಶಿಯಂಥ ಗ್ರಾಮವನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಸಂಕ್ಷೇಪವಾಗಿ ವಿವೇಚಿಸುವೆವು.

1895ರಲ್ಲಿ ರಾಂಟ್‌ಜನ್ನನು ಕ್ಷ-ಕಿರಣಗಳನ್ನು ಕಂಡುಹಿಡಿದನು. 1897ರಲ್ಲಿ ಜರ್ಮನಿಯ ಕಿಲಿಯನ್ನನು ಶ್ವಾಸನಾಳದೊಳಗೆ ಕೊಳವೆಯನ್ನಿಳಿಸಿ ನೋಡುವ ಮಾರ್ಗವನ್ನು ತೋರಿಸಿದನು. ಆದರೂ 1912ರಲ್ಲಿ ಈ ರೋಗವನ್ನು ಕುರಿತು ಗ್ರಂಥ ರಚಿಸಿದ ಆಡ್ಲರನು ಇದನ್ನು ಅತಿ ವಿರಳವಾದ ರೋಗಗಳಲ್ಲಿ ಒಂದೆಂದೇ ಎಣಿಸಿದ್ದನು. 1933ರಲ್ಲಿ ಅಮೆರಿಕದ ಗ್ರಹಾಮನು ರೋಗಿಯೊಬ್ಬನ ಒಂದು ಪಾರ್ಶ್ವದ ಶ್ವಾಸಕೋಶವನ್ನು ಸಂಪೂರ್ಣವಾಗಿ ತೆಗೆದು ಅವನನ್ನು ಬದುಕಿಸಿದನು. 1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್, ಅಮೆರಿಕದ ವಿಂಡರ್ ಮತ್ತು ಗ್ರಹಾಮ್ ಇವರು ಧೂಮಪಾನಕ್ಕೂ ಈ ರೋಗಕ್ಕೂ ಇರುವ ಸಂಬಂಧವನ್ನು ಅಂಕಿ ಅಂಶಗಳಿಂದ ಪ್ರತಿಪಾದಿಸಿದರು. ಬಹುಕಾಲ ಧೂಮಪಾನಿಯಾಗಿದ್ದ ಗ್ರಹಾಮನೇ 1957ರಲ್ಲಿ ಇದೇ ರೋಗಕ್ಕೆ ತುತ್ತಾದುದು ಇತಿಹಾಸದ ಕ್ರೂರ ವಿಡಂಬನೆಯೆನ್ನಬೇಕು.

ನಮ್ಮ ಸೀಮೆಯತ್ತ ತಿರುಗೋಣ. 1956ರ ವರೆಗೆ ಧಾರವಾಡ ಜಿಲ್ಲೆಯು ಮುಂಬಯಿ ಆಡಳಿತಕ್ಕೆ ಸೇರಿದ್ದಿತು. 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯೂ ಮುಂಬಯಿಯಲ್ಲಿಯೇ ಇದ್ದಿತು. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವೂ 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯೂ ಸ್ಥಾಪಿತವಾದವು. ಮುಂದೆ ಹುಬ್ಬಳ್ಳಿಯ ನವನಗರದಲ್ಲಿಯೇ ಕ್ಯಾನ್ಸರ್ ಆಸ್ಪತ್ರೆಯೊಂದು ತಲೆಯೆತ್ತಿತು. ಹುಬ್ಬಳ್ಳಿ-ಬೆಂಗಳೂರು ರೈಲುಮಾರ್ಗದಲ್ಲಿರುವ ಸಂಶಿಗೆ ಈ ಆಸ್ಪತ್ರೆಗಳು ಕ್ರಮೇಣ ಸಮೀಪಿಸಿದವೆಂದು ಹೇಳಬಹುದು.

ಆದರೆ ದೂರವೊಂದೇ ಅಡ್ಡಿಯಾಗಿರಲಿಲ್ಲ. ಬಿಡದ ಕೆಮ್ಮು, ಕಫದಲ್ಲಿ ರಕ್ತ, ದೇಹ ಕೃಶವಾಗುವುದು — ಇವು ಕ್ಷಯಕ್ಕೂ ಕ್ಯಾನ್ಸರಿಗೂ ಸಮಾನವಾದ ಲಕ್ಷಣಗಳು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. 1962ರ ರಾಷ್ಟ್ರೀಯ ಕಾರ್ಯಕ್ರಮವು ಕಫಪರೀಕ್ಷೆಯನ್ನು ಗ್ರಾಮಾಂತರಕ್ಕೆ ಒಯ್ಯಿತು. ಇದರಿಂದಾದ ಉಪಕಾರ ಅಪಾರ. ಕ್ಷಯವೇ ವ್ಯಾಪಕವಾಗಿದ್ದ ನಾಡಿನಲ್ಲಿ ವೈದ್ಯನು ಮೊದಲು ಅದನ್ನೇ ಶಂಕಿಸಿದುದು ಸಹಜವೂ ಯುಕ್ತವೂ ಆಗಿದ್ದಿತು. ಅನರ್ಥವಿದ್ದುದು ಮುಂದಿನ ಹೆಜ್ಜೆಯಲ್ಲಿ: ಕಫದಲ್ಲಿ ರೋಗಾಣು ಕಾಣದಿದ್ದರೂ ಕ್ಷ-ಕಿರಣ ಚಿತ್ರದ ನೆರಳನ್ನೇ ನಂಬಿ ತಿಂಗಳುಗಟ್ಟಲೆ ಕ್ಷಯದ ಔಷಧಿ ಕೊಡುವುದುಂಟು. ಅಷ್ಟರಲ್ಲಿ ಶಸ್ತ್ರಚಿಕಿತ್ಸೆಯ ಕಾಲ ಮೀರುತ್ತದೆ. ಎರಡು ರೋಗಗಳೂ ಒಬ್ಬನಲ್ಲಿಯೇ ಇರಬಹುದೆಂಬುದು ತೊಡಕನ್ನು ಹೆಚ್ಚಿಸುತ್ತದೆ. ಔಷಧಿಗೆ ನೆರಳು ಕರಗದಿದ್ದಲ್ಲಿ ಸಿ.ಟಿ. ಚಿತ್ರ ತೆಗೆಯಿಸಿ, ಅಂಗಾಂಶದ ತುಣುಕನ್ನು ಪರೀಕ್ಷಿಸುವುದೇ ನಿರ್ಣಾಯಕ ಮಾರ್ಗ.

ಚಿಕಿತ್ಸೆಯಾದರೋ ಬಹಳ ಮುಂದುವರಿದಿದೆ. ಶಸ್ತ್ರ, ವಿಕಿರಣ, ಔಷಧಿಗಳ ಜೊತೆಗೆ, 2004ರಲ್ಲಿ ಗಂತಿಯ ಜೀನುಗಳಲ್ಲಿ ಗುರುತಿಸಲಾದ ವ್ಯತ್ಯಾಸಗಳನ್ನನುಸರಿಸಿ ಕೊಡುವ ಗುಳಿಗೆಗಳೂ ಬಂದಿವೆ. ಧೂಮಪಾನ ಮಾಡದವರಲ್ಲಿಯೂ ಈ ರೋಗ ಕಾಣುವುದರಿಂದ ಬೀಡಿ ಸೇದದವನಿಗೆ ಭಯವಿಲ್ಲವೆನ್ನುವುದು ತಪ್ಪು; ಆದರೂ ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿಯಿರುವ ಈ ಉತ್ತರ ಕರ್ನಾಟಕದಲ್ಲಿ ಬೀಡಿಯ ಪಾತ್ರವನ್ನು ಮರೆಯಲಾಗದು.

ಒಟ್ಟಿನಲ್ಲಿ, ಉಪಕರಣಗಳು ಊರಿಗೆ ಸಮೀಪಿಸಿದ ಮಾತ್ರಕ್ಕೆ ರೋಗನಿದಾನವು ಸಮೀಪಿಸದು. ಮೊದಲ ಊಹೆಯನ್ನು ಸಕಾಲದಲ್ಲಿ ಪುನಃ ಪರೀಕ್ಷಿಸುವ ಮನೋಧರ್ಮವೂ ಬೇಕು. ಈ ರೋಗದ ಇತಿಹಾಸವು ಕಲಿಸುವ ಮುಖ್ಯ ಪಾಠವಿದೆಂದು ನಾವು ಭಾವಿಸುತ್ತೇವೆ.